ಬಾಯಿ ಬಿಡದ ನಾಯಿ

ಅಕ್ಟೋಬರ್ 11, 1997

ಬೆಳಿಗ್ಗೆ ನನ್ನ ನಾಯಿ ಫೆನ್‌ಳನ್ನು ಕೈತೋಟದ ಲೀಕ್ ಈರುಳ್ಳಿಯ ಮಡಿಯ ಪಕ್ಕ ಹೂಳಿದೆ. ಹದಿಮೂರು ವರ್ಷ ನಾಲ್ಕು ತಿಂಗಳು ಬದುಕಿದಳು. ಗುಂಡಿ ತೋಡಲು ಒಂದೂವರೆ ಗಂಟೆ ಹಿಡಿಯಿತು. ಈ ವರ್ಷ ಮಣ್ಣು ಬಹಳ ಗಟ್ಟಿ. ವಾರವಿಡೀ ಮಳೆ ಬಿದ್ದ ಮಣ್ಣು ಗಟ್ಟಿ ಹೇಗಾಯಿತು ಎಂದು ಹಿಲ್ಡಾ ಕೇಳಿದಳು. ತಂಗಿಯಂದಿರು ಕೇಳುವ ಎಲ್ಲಕ್ಕೂ ಉತ್ತರ ಕೊಡಬೇಕೆಂದಿಲ್ಲ.

ಮೊದಲು ನಮ್ಮ ಗಣಿ ಮುಚ್ಚಿದರು. ಆಮೇಲೆ ರೈಲು ಹಳಿ ಕಿತ್ತರು. ಹೋದ ತಿಂಗಳು ಗಣಿಕಾರ್ಮಿಕರ ಭವನದ ಗ್ರಂಥಾಲಯವನ್ನೂ ಮುಚ್ಚಿ, ನಮ್ಮ ಅಜ್ಜಂದಿರು ವಾರದ ಕೂಲಿಯಲ್ಲಿ ಮುರಿದುಕೊಟ್ಟು ಕೊಂಡಿದ್ದ ಪುಸ್ತಕಗಳನ್ನು ಕಲ್ಲಿದ್ದಲಿನ ಚೀಲಗಳಲ್ಲಿ ತುಂಬಿ ಸಾಗಿಸಿದರು. ಯಾರೂ ತಡೆಯಲಿಲ್ಲ. ನಾನೊಬ್ಬ ಬಾಗಿಲಲ್ಲಿ ನಿಂತು ಜಗಳವಾಡಿದೆ. ಲಾರಿಯ ಹುಡುಗ 'ಪಕ್ಕಕ್ಕೆ ಬನ್ನಿ ತಾತ, ಧೂಳು' ಅಂದ. ನಲವತ್ತೊಂದು ವರ್ಷ ನೆಲದಡಿ ಕಲ್ಲಿದ್ದಲು ಕಡಿದವನಿಗೆ ಧೂಳಿನ ಎಚ್ಚರಿಕೆ ಹೇಳಿದ. ಓದಲು ಏನೂ ಉಳಿದಿಲ್ಲವೆಂದು ಗೊಣಗಿದ್ದಕ್ಕೆ ಹಿಲ್ಡಾ ಈ ಖಾಲಿ ಪುಸ್ತಕ ತಂದುಕೊಟ್ಟಳು. ಓದಲಾಗದವನು ಬರೆಯಬಹುದು.

ಫೆನ್‌ಳ ವಿಷಯ ದಾಖಲಾಗಬೇಕು. ಅವಳು ಲರ್ಚರ್, ಅಂದರೆ ಬೆರಕೆ ಬೇಟೆನಾಯಿ. ಬೆಡ್ಲಿಂಗ್ಟನ್ ಟೆರಿಯರ್‌ನ ಮೂಗು, ಛಲ, ಓಟದ ನಾಯಿ ವಿಪೆಟ್‌ನ ಕಾಲು. ಶುದ್ಧ ತಳಿ ದೊಡ್ಡಮನೆಯವರ ಹುಚ್ಚು, ನಮ್ಮಂಥವರಿಗೆ ಬೇಕಾದದ್ದು ಕೆಲಸ. ಈ ಸಂತತಿಯನ್ನು 1961ರಲ್ಲಿ ಇಬ್ಬರು ಸೇರಿ ಶುರುಮಾಡಿದೆವು. ನಾನು ಮತ್ತು ಇನ್ನೊಬ್ಬ. ಗಣಿ ಮುಚ್ಚುವುದರ ವಿರುದ್ಧ ಮುಷ್ಕರ ಹೂಡಿದ ವರ್ಷ, ಎಂಬತ್ತನಾಲ್ಕರಲ್ಲಿ, ಕೊನೆಯ ಜಂಟಿ ಮರಿಗಳು ಹುಟ್ಟಿದವು. ಫೆನ್ ನನ್ನ ಪಾಲಿಗೆ, ಅವಳ ಅಣ್ಣ ಅವನ ಪಾಲಿಗೆ. ಆ ವರ್ಷ ಕೂಲಿಯಿಲ್ಲದ ಇಡೀ ಬೀದಿಗೆ ನಮ್ಮ ನಾಯಿಗಳು ಹಿಡಿದ ಮೊಲವೇ ಊಟ. ಹನ್ನೊಂದು ತಿಂಗಳು ಕಳೆದು, ಮುಷ್ಕರ ಮುಗಿಯಲು ಮೂರು ವಾರ ಇರುವಾಗ ಆ ಮನುಷ್ಯ ಮುಷ್ಕರ ಮುರಿದು ಪೊಲೀಸರ ಕಾವಲಿನ ಬಸ್ಸಿನಲ್ಲಿ ಕೂತು ಕೆಲಸಕ್ಕೆ ಹೋದ. ಅವತ್ತಿನಿಂದ ಈ ಊರು ಅವನೊಡನೆ ಮಾತಾಡಿಲ್ಲ. ಫೆನ್‌ಗೆ ತಕ್ಕ ಗಂಡು ಅವನ ಅಂಗಳದಲ್ಲಿ ಮಾತ್ರ ಇತ್ತು. ನಾನು ಅಲ್ಲಿಗೆ ಹೋಗಲಿಲ್ಲ. ಅವಳು ಮರಿ ಹಾಕದೆ ಹೋದಳು.

ಅಕ್ಟೋಬರ್ 19

ಹೊಸ ಮರಿ ನೋಡಲು ಮೂರು ಕಡೆ ಹೋಗಿಬಂದೆ. ಮೂರೂ ದಂಡ.

ಮೊದಲನೆಯವನು ಮರಿಗಳನ್ನು ಮೇಜಿನ ಮೇಲೆ ನಿಲ್ಲಿಸಿ ಬಾಚಣಿಗೆಯಿಂದ ಬಾಚಿ ತೋರಿಸಿದ. ಎರಡನೆಯವನು ತಾಯಿಯನ್ನು ತೋರಿಸಲು ಒಪ್ಪಲಿಲ್ಲ. ಮರಿಯನ್ನು ಯಾರು ಬೇಕಾದರೂ ಮೆಚ್ಚುತ್ತಾರೆ, ಆರಿಸುವವನು ನೋಡಬೇಕಾದದ್ದು ತಾಯಿಯನ್ನು, ಅದೂ ಅವಳು ಹೊಲದಲ್ಲಿ ಕೆಲಸ ಮಾಡುವಾಗ. ಮೂರನೆಯವನ ಹೆಣ್ಣುನಾಯಿ ಕೆಲಸ ಮಾಡುತ್ತಿತ್ತು ನಿಜ, ಆದರೆ ಮೊಲದ ಹಿಂದೆ ಓಡುವಾಗ ಬೊಗಳಿತು. ಬಾಯಿ ಬಿಡುವ ಲರ್ಚರ್ ಬಾಯಿ ಬಿಡುವ ಕಳ್ಳನಂತೆ. ಒಂದು ಕೂಗಿಗೆ ಆ ಇಳಿಜಾರಿನ ಮೊಲಗಳೆಲ್ಲ ಬಿಲ ಸೇರಿ ದಿನವೇ ಹಾಳಾಗುತ್ತದೆ. 'ಅಷ್ಟು ಪರವಾಗಿಲ್ಲ' ಅಂದ. ನಾನು ಟೋಪಿ ಹಾಕಿಕೊಂಡು ಎದ್ದೆ.

ಬಸ್ ನಿಲ್ದಾಣದ ಏರಿನಲ್ಲಿ ಎರಡು ಸಲ ನಿಲ್ಲಬೇಕಾಯಿತು. ರಸ್ತೆ ದುರಸ್ತಿ ಮಾಡುವಾಗ ಕೌನ್ಸಿಲ್‌ನವರು ಏರನ್ನು ಕಡಿದಾಗಿಸಿದ್ದಾರೆ. ಪತ್ರ ಬರೆಯಬೇಕು.

ನವೆಂಬರ್ 2

ಹಿಲ್ಡಾ ಒಂದು ಮರಿ ತಂದಿದ್ದಾಳೆ. ಅವಳು ಅಡುಗೆ ಮಾಡುವ ಶಾಲೆಯಲ್ಲಿ ಯಾರೋ ಒಬ್ಬಳ ಮಾವನಂತೆ, ಮನೆ ಬದಲಾಯಿಸುತ್ತಿದ್ದಾನಂತೆ. ಐದೂವರೆ ತಿಂಗಳ ಹೆಣ್ಣು. ಬೂದಿನೀಲಿ ಬಣ್ಣ, ಒರಟು ಕೂದಲು, ಬಿಲ್ಲಿನಂತೆ ಬಾಗಿದ ಬೆನ್ನು. ಪಾದ ಬೆಕ್ಕಿನದರಂತೆ ಬಿಗಿಯಾಗಿದೆ. ಬೀಗದಕೈ ಗೊಂಚಲನ್ನು ಬೇಕೆಂದೇ ಕಲ್ಲಿನ ಮೇಲೆ ಬೀಳಿಸಿದೆ. ಬೆಚ್ಚಲಿಲ್ಲ, ಬಂದು ಮೂಸಿ ನನ್ನ ಮುಖ ನೋಡಿದಳು. ಕೈತಪ್ಪಿ ಬಿತ್ತೇ ಎಂದು ಕೇಳುವಂತಿತ್ತು.

ತಾಯಿ ಯಾವುದು, ಕೆಲಸ ಮಾಡುತ್ತದೆಯೇ ಎಂದು ಹಿಲ್ಡಾಳನ್ನು ಕೇಳಿದೆ. 'ನಾಯಿ ತಂದಿದೀನಿ ಕಣೋ, ಸೊಸೆ ಅಲ್ಲ' ಅಂದಳು.

ಟ್ಯಾನ್ಸಿ ಎಂದು ಹೆಸರಿಟ್ಟೆ. ನಿಯಮ ನಿಯಮವೇ. ವರ್ಷ ತುಂಬುವವರೆಗೆ ಇವಳು ಮೊಲದ ಹಿಂದೆ ಓಡುವಂತಿಲ್ಲ. ಎಳೆಯ ಕಾಲಿಗೆ ಮೊಲ ಸಿಗುವುದಿಲ್ಲ. ಸಿಗದಾಗ ಹತಾಶೆಯಿಂದ ಕೂಗುತ್ತವೆ. ಒಮ್ಮೆ ಕೂಗಿದ್ದು ಅಭ್ಯಾಸವಾದರೆ ನಾಯಿ ಮುಗಿದಂತೆ. ಇದನ್ನು ನಲವತ್ತು ವರ್ಷ ಗಣಿಕಾರ್ಮಿಕರ ಕ್ಲಬ್ಬಿನಲ್ಲಿ ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ.

ನವೆಂಬರ್ 16

ಕೂರು ಅಂದರೆ ಕೂರುತ್ತಾಳೆ, ಕುರಿಗಳ ನಡುವೆ ಪಾದ್ರಿಯಂತೆ ನಡೆಯುತ್ತಾಳೆ. ಮೂರು ದಿನದಲ್ಲಿ ಕಲಿತಳು.

ಹಳೆಯ ರೈಲು ದಿಬ್ಬದ ಮೇಲೆ ಹೋಗುವಾಗ ಯಾರೂ ಹೇಳದೆ ಒಂದು ಬಿಲದ ಮುಂದೆ ನಿಂತಳು. ಎಡಗಾಲು ಮೇಲೆ, ತಲೆ ಓರೆ, ಒಳಗಿನಿಂದ ಯಾರೋ ಸುದ್ದಿ ಹೇಳುತ್ತಿರುವ ಹಾಗೆ. ಒಳಗೆ ಮೊಲ ಇದ್ದರೆ ಮಾತ್ರ ನಿಲ್ಲುವುದು, ಇಲ್ಲದಿದ್ದರೆ ಮುಂದೆ ಹೋಗುವುದು. ಇದು ಕಲಿಸಿ ಬರುವ ವಿದ್ಯೆಯಲ್ಲ. ಫೆನ್‌ಳ ತಾಯಿ ಹೇಜಲ್ ಹೀಗೇ ಎಡಗಾಲು ಎತ್ತುತ್ತಿದ್ದಳು. ಬೇರೆ ನಾಯಿಗಳೂ ಎತ್ತುತ್ತವೆ ಎಂದು ಇಟ್ಟುಕೊಳ್ಳೋಣ.

ಆ ಮನುಷ್ಯ ದೂರದಲ್ಲಿ ತನ್ನ ಎರಡು ನಾಯಿಗಳೊಂದಿಗೆ ದಿಬ್ಬ ಇಳಿಯುತ್ತಿದ್ದ. ನಾನು ಮುಖ ತಿರುಗಿಸಿದೆ.

ನವೆಂಬರ್ 29

ಆಸ್ಪತ್ರೆಗೆ ಹೋಗಿಬಂದೆ. ಡಾಕ್ಟರು ಎದೆಯ ಚಿತ್ರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ನಾನು ಸಿಗರೇಟು ಮುಟ್ಟಿದವನಲ್ಲ. ಆದರೂ ಕಾಗದದಲ್ಲಿ ಧೂಮಪಾನ ಎಂಬ ಮಾತಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಇತ್ತು. ಅಳಿಸಿ ಎಂದೆ. ಅಳಿಸಿದರು. ಹಿಲ್ಡಾಳನ್ನು ಒಳಗೆ ಕರೆದು ನನ್ನನ್ನು ಹೊರಗೆ ಕೂರಿಸಿದರು. ಚಳಿಗೆ ಹೊರಗೆ ಹೋಗಬೇಡಿ ಎಂದು ಕೂಡ ಹೇಳಲಿಲ್ಲ, 'ನಿಮಗೆ ಇಷ್ಟ ಬಂದದ್ದು ಮಾಡಿ' ಅಂದರು.

ಪ್ರತಿ ಸಲ ಮುಂದಿನ ಭೇಟಿಯ ದಿನಾಂಕ ಬರೆದ ಚೀಟಿ ಕೊಡುತ್ತಾರೆ. ಈ ಸಲ ಕೊಡಲು ಮರೆತಿದ್ದಾರೆ. ಈ ದೇಶದಲ್ಲಿ ಒಂದು ಚೀಟಿ ಬರೆಯುವ ಶಿಸ್ತೂ ಉಳಿದಿಲ್ಲ.

ಹಿಲ್ಡಾ ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಿಟಕಿ ನೋಡುತ್ತಿದ್ದಳು. ರಾತ್ರಿಯೂಟಕ್ಕೆ ಎರಡು ಬಗೆಯ ಕಡುಬು ಮಾಡಿದಳು. ಹಬ್ಬವೇನು ಎಂದೆ. ತಿನ್ನು ಅಂದಳು.

ಡಿಸೆಂಬರ್ 6

ಯೋಚಿಸಿ ನೋಡಿದರೆ, ವರ್ಷ ತುಂಬಬೇಕು ಎಂಬ ನಿಯಮ ಮಂದಬುದ್ಧಿಯ ನಾಯಿಗಳಿಗೆ ಮಾಡಿದ್ದು. ಮನುಷ್ಯರಲ್ಲೂ ಎಲ್ಲರಿಗೂ ಒಂದೇ ವಯಸ್ಸಿಗೆ ಬುದ್ಧಿ ಬರುವುದಿಲ್ಲ. ನಾನು ಹದಿನಾಲ್ಕಕ್ಕೆ ಗಣಿಗೆ ಇಳಿದೆ. ಹಾಳಾದೆನೇ?

ಮೇ ಅಂದರೆ ಮೊಲಗಳು ಮರಿ ಹಾಕುವ ಕಾಲ, ಬೇಟೆ ಇಲ್ಲ. ಹಾಗಾಗಿ ವರ್ಷ ತುಂಬಿ ಇವಳು ಶುರುಮಾಡುವುದು ಮುಂದಿನ ಅಕ್ಟೋಬರ್‌ಗೆ. ಅದು ತೀರಾ ತಡ. ಯಾಕೆ ತಡ ಎಂದು ಹಿಲ್ಡಾ ಕೇಳಲಿಲ್ಲ. ಅವಳಿಗೆ ಬೇಟೆಯ ವಿಷಯ ತಿಳಿಯದು.

ನಾಳೆ ದಿಬ್ಬಕ್ಕೆ ಕರೆದೊಯ್ಯುತ್ತೇನೆ. ಬರೀ ನೋಡಲಿ.

ಡಿಸೆಂಬರ್ 7

ಬೆಳಿಗ್ಗೆ ಇಬ್ಬನಿ ಹೆಪ್ಪುಗಟ್ಟಿತ್ತು. ಬಿಲದ ಒಂಬತ್ತು ಬಾಯಿಗೂ ಚೀಲಬಲೆ ಹಾಸಿ ಗೂಟ ಒತ್ತಿದೆ. ಮೊಲಗಳನ್ನು ಹೊರಗೆ ಅಟ್ಟಲು ಸಾಕಿದ ಬಿಳಿ ಫೆರೆಟ್‌ಳ ಕೊರಳಿಗೆ ಗೆಜ್ಜೆ ಕಟ್ಟಿ ಒಳಗೆ ಬಿಟ್ಟೆ. ಕೈಯಷ್ಟು ಉದ್ದದ, ಹಾವಿನಂತೆ ನುಸುಳುವ ಆ ಪ್ರಾಣಿ ಒಳಗೆ ಹೋದ ಮೇಲೆ ನೆಲದಡಿ ಗುಡುಗಿದ ಹಾಗೆ ಶಬ್ದ ಬರುತ್ತದೆ. ಮೊಲಗಳು ಓಡುವ ಶಬ್ದ. ನನಗೆ ಈ ಶಬ್ದಕ್ಕಿಂತ ಹಿತವಾದದ್ದು ಕೇಳಿ ಗೊತ್ತಿಲ್ಲ.

ನಾಲ್ಕು ಮೊಲ ಬಲೆಗೆ ಬಿದ್ದವು. ಟ್ಯಾನ್ಸಿ ಕೂತ ಕಡೆ ಕೂತಿದ್ದಳು, ಮೈಯೆಲ್ಲ ನಡುಗುತ್ತಿತ್ತು. ಐದನೆಯದು ಬಲೆ ತಪ್ಪಿಸಿಕೊಂಡು ಹೊರಟಿತು. ಇವಳು ನನ್ನ ಮುಖ ನೋಡಿದಳು. ನಾನು 'ಹೋಗು' ಅಂದೆ.

ಎಂಥ ಓಟ. ಎರಡು ಮಾರು ಹಿಂದೆ ಬಿದ್ದಳು, ಅಷ್ಟೇ. ಮೊಲ ಬೇಲಿ ದಾಟಿತು. ಬಾಯಿ ಬಿಡಲಿಲ್ಲ. ನಾನು ಹೇಳಿದ್ದು ಸರಿಯಾಯಿತು.

ಡಿಸೆಂಬರ್ 13

ಮೂರು ಓಟ. ಹಿಡಿಯಲಿಲ್ಲ. ಮೂರನೆಯದರಲ್ಲಿ ಒಂದು ಸಣ್ಣ ಕೀಚಲು. ಮುಳ್ಳು ಚುಚ್ಚಿರಬೇಕು.

ಡಿಸೆಂಬರ್ 14

ಪಾದ ನೋಡಿದೆ. ಮುಳ್ಳಿಲ್ಲ.

ಡಿಸೆಂಬರ್ 20

ಬಾಯಿ ಬಿಟ್ಟಳು. ಮೊಲ ಎದ್ದ ಕ್ಷಣದಿಂದ ಬೇಲಿಯವರೆಗೆ ಒಂದೇ ಸಮನೆ. ಕಣಿವೆಯೆಲ್ಲ ಕೇಳಿಸಿತು.

ಡಿಸೆಂಬರ್ 23

ಕ್ಲಬ್ಬಿಗೆ ಹೋದೆ. ಸುದ್ದಿ ನನಗಿಂತ ಮೊದಲೇ ಹೋಗಿತ್ತು. ಜಾಸ್ ಟ್ಯೂಲಿಪ್, ನನ್ನ ಜೊತೆ ಮೂವತ್ತು ವರ್ಷ ಒಂದೇ ಪಾಳಿಯಲ್ಲಿ ದುಡಿದವನು, ಡಾಮಿನೋ ಕಲ್ಲು ಜೋಡಿಸುತ್ತ ತಲೆ ಎತ್ತದೆ, 'ವಿಲ್ಫ್, ಗಣಿ ಸೈರನ್ ಮತ್ತೆ ಶುರುವಾಯ್ತಂತೆ, ಬೆಳಗಿನ ಪಾಳಿಗೆ ಹೊರಡೋಣ ಅಂತಿದ್ದೆ' ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಹೊರಡುವಾಗ ಜಾಸ್ ಬಾಗಿಲವರೆಗೆ ಬಂದು, ಬೇಕಿದ್ದರೆ ತನ್ನ ಅಳಿಯನ ಬಂದೂಕು ಇದೆ, ನಿನ್ನ ಕೈಯಲ್ಲಿ ಆಗದಿದ್ದರೆ ಅವನೇ ಮಾಡುತ್ತಾನೆ ಎಂದು ಮೆಲ್ಲಗೆ ಹೇಳಿದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಬಾಯಿ ಬಿಡುವ ನಾಯಿಯನ್ನು ನಮ್ಮಲ್ಲಿ ಯಾರೂ ಇಟ್ಟುಕೊಳ್ಳುವುದಿಲ್ಲ. ಮಾರುವುದು ಮೋಸ, ಮರಿ ಹಾಕಿಸುವುದು ಅದಕ್ಕಿಂತ ದೊಡ್ಡ ಮೋಸ. ನನ್ನ ಅಪ್ಪ ಎರಡನೆಯ ದಿನವೇ ಮುಗಿಸುತ್ತಿದ್ದ. ನಾನೇ ಎಷ್ಟು ಜನಕ್ಕೆ ಹಾಗೆ ಬುದ್ಧಿ ಹೇಳಿಲ್ಲ.

ತಪ್ಪು ನಾಯಿಯದಲ್ಲ. ಇದನ್ನು ಇಲ್ಲಿ ಮಾತ್ರ ಬರೆಯುತ್ತೇನೆ.

ಡಿಸೆಂಬರ್ 28

ಇವತ್ತಿನದನ್ನು ನಡೆದ ಹಾಗೆಯೇ ಬರೆಯಬೇಕು.

ಟ್ಯಾನ್ಸಿಯನ್ನು ಹಗ್ಗದಲ್ಲಿ ಕಟ್ಟಿ, ಫೆರೆಟ್ ಒಂದನ್ನೇ ನಂಬಿ ದಿಬ್ಬಕ್ಕೆ ಹೋದೆ. ಬಿಳಿಯದು ಒಳಗೆ ಹೋಗಿ ಹಿಂದೆ ಬರಲಿಲ್ಲ. ಒಳಗೇ ಮೊಲವನ್ನು ಕೊಂದು, ತಿಂದು, ಅದರ ಮೇಲೇ ನಿದ್ದೆ ಹೋಗಿದೆ ಎಂದು ಅರ್ಥ. ಅಗೆದು ತೆಗೆಯಬೇಕು, ಬಿಟ್ಟು ಬಂದರೆ ಸಾಯುತ್ತದೆ. ನೆಲಕ್ಕೆ ಕಿವಿ ಇಟ್ಟೆ, ಗೆಜ್ಜೆ ಕೇಳಿಸಲಿಲ್ಲ. ಟ್ಯಾನ್ಸಿ ತಾನಾಗಿ ಒಂದು ಜಾಗಕ್ಕೆ ಹೋಗಿ ಎಡಗಾಲೆತ್ತಿ ನಿಂತಳು. ಅಲ್ಲೇ ಅಗೆಯತೊಡಗಿದೆ. ಮೊಣಕಾಲು ಆಳ ಹೋಗುವಷ್ಟರಲ್ಲಿ ಉಸಿರು ನಿಂತಿತು. ಸನಿಕೆ ಹಿಡಿದುಕೊಂಡೇ ಕೂತೆ, ಕೂತವನು ಮಗ್ಗುಲಾದೆ. ಆಕಾಶ ಕಪ್ಪು ಚುಕ್ಕೆ ಚುಕ್ಕೆಯಾಗಿತ್ತು.

ಯಾರೋ ನನ್ನ ಕೈಯಿಂದ ಸನಿಕೆ ಬಿಡಿಸಿದರು. ನೋಡಿದರೆ ಆ ಮನುಷ್ಯ. ಒಂದು ಮಾತಿಲ್ಲದೆ ಕೋಟು ಬಿಚ್ಚಿ ನನ್ನ ಬೆನ್ನಿಗೆ ಒತ್ತುಕೊಟ್ಟು, ಗುಂಡಿಗಿಳಿದು ಅಗೆಯತೊಡಗಿದ. ನನಗಿಂತ ಎರಡು ವರ್ಷ ದೊಡ್ಡವನು, ಅವನ ಎದೆಗೆ ಏನೂ ಆಗಿಲ್ಲ. ನ್ಯಾಯ ಹೇಗಿದೆ ನೋಡಿ.

ಹದಿಮೂರು ವರ್ಷದ ಮೌನವನ್ನು ಒಂದು ಫೆರೆಟ್‌ಗಾಗಿ ಮುರಿಯುವವನು ನಾನಲ್ಲ. ಆದರೆ ಅವನು ಒಂದು ಗೇಣು ಬಲಕ್ಕೆ ಅಗೆಯುತ್ತಿದ್ದ. ನೋಡಲಾಗಲಿಲ್ಲ. ಟ್ಯಾನ್ಸಿಯ ಕಡೆ ತಿರುಗಿ, 'ಎಡಕ್ಕೆ ಅಗೀಬೇಕು ಅಂತ ಗೊತ್ತಾಗಲ್ವಲ್ಲ ಕೆಲವರಿಗೆ' ಅಂದೆ.

ಅವನು ಎಡಕ್ಕೆ ಸರಿದ. ಸ್ವಲ್ಪ ಹೊತ್ತಿನ ಮೇಲೆ ತನ್ನ ನಾಯಿಗೆ ಹೇಳಿದ: 'ಏಳು ತಿಂಗಳ ಕೂಸನ್ನ ಓಡಿಸಿದಾನಲ್ಲ, ಇವನಿಗೆ ಬುದ್ಧಿ ಇಲ್ವಾ ಕೇಳು.'

'ಕೇಳಿದೋರಿಗೆ ಮಾತ್ರ ಬುದ್ಧಿ ಹೇಳ್ಬೇಕು ಅಂತ ಹೇಳು' ಎಂದು ಟ್ಯಾನ್ಸಿಗೆ ಅಂದೆ.

'ಮರಿ ಬಾಯಿ ಬಿಡೋದು ಮರೀ ತಪ್ಪಲ್ಲ ಅಂತಾನೂ ಹೇಳು.'

'ಅದು ನಮಗೂ ಗೊತ್ತಿದೆ ಅನ್ನು.'

ಹೀಗೆ ಒಂದು ಗಂಟೆ ನಡೆಯಿತು. ನಾಯಿಗಳು ಮೂರೂ ಮರ್ಯಾದಸ್ಥರಂತೆ ಕೂತು ಕೇಳಿದವು. ಎದೆಮಟ್ಟ ಆಳದಲ್ಲಿ ಬಿಳಿಯದು ಸಿಕ್ಕಿತು, ಹೊಟ್ಟೆ ಗುಂಡಾಗಿ, ನಿದ್ದೆಗಣ್ಣಿನಲ್ಲಿ. ಅದನ್ನು ನನ್ನ ಪೆಟ್ಟಿಗೆಗೆ ಹಾಕಿ, ಗುಂಡಿ ಮುಚ್ಚಿ, ಕೋಟು ತೆಗೆದುಕೊಂಡ. ಹೋಗುವ ಮುಂಚೆ ಟ್ಯಾನ್ಸಿಯ ಕಿವಿಯ ಹಿಂದೆ, ನೋಡದೆಯೇ, ಸರಿಯಾದ ಜಾಗದಲ್ಲಿ ಕೆರೆದ. ಅವಳು ಅವನ ಕೈಗೆ ತಲೆ ಒತ್ತಿದಳು. ಗುರುತಿಲ್ಲದವರ ಹತ್ತಿರ ಅವಳು ಹಾಗೆ ಹೋಗುವುದಿಲ್ಲ.

ಜನವರಿ 3, 1998

ಹಿಲ್ಡಾಳನ್ನು ನೇರವಾಗಿ ಕೇಳಿದೆ. ಪಾತ್ರೆ ತೊಳೆಯುವುದನ್ನು ನಿಲ್ಲಿಸದೆ ಹೌದು ಅಂದಳು. ಮರಿ ಬಂದದ್ದು ಅವನ ಅಂಗಳದಿಂದ. ಫೆನ್‌ಳ ಅಣ್ಣನ ಮರಿಮಗಳು. ಕೇಳಿದವಳು ಹಿಲ್ಡಾ, ಹೇಳಬೇಡ ಎಂದವನು ಅವನು.

ನನ್ನ ಮನೆಯೊಳಗೆ, ನನ್ನ ಬೆನ್ನ ಹಿಂದೆ ಎಂದೆ. ಮುಷ್ಕರ ಮುರಿದವನ ನಾಯಿಗೆ ನಾನು ಎರಡು ತಿಂಗಳು ಗಂಜಿ ಹಾಕಿದೆ ಎಂದೆ. ಇನ್ನೂ ಏನೇನೋ ಅಂದೆ. ಅವಳು ಕೈ ಒರೆಸಿಕೊಂಡು ತಿರುಗಿದಳು.

'ಮೂರು ವಾರ ಕಣೋ. ಮೂರು ವಾರಕ್ಕೆ ಹದಿಮೂರು ವರ್ಷ ಹಾಕಿದೀಯ. ಕೊಲೆ ಮಾಡ್ದೋನಿಗೂ ಇಷ್ಟೊತ್ತಿಗೆ ಬಿಡುಗಡೆ ಆಗಿರೋದು.'

ಮೂರು ವಾರ ಮೂರು ವಾರವೇ ಎಂದೆ. ಹನ್ನೊಂದು ತಿಂಗಳು ಹಸಿದವರು ಇನ್ನು ಮೂರು ವಾರ ಹಸಿದಿದ್ದರು.

'ಎಡ್ನಾ ಹೆಣ ಈ ಬೀದೀಲಿ ಹೋದಾಗ ನಾನು ಪರದೆ ಮುಚ್ಚಿದ್ದೆ. ನೀನು ಬಂದು ತೆಗೆದೆ' ಅಂದಳು. 'ಆ ಹೆಂಗಸು ಯಾವ ಬಸ್ಸು ಹತ್ತಿದ್ಲು?'

ಶವ ಹೋಗುವಾಗ ಬೀದಿಯ ಎಲ್ಲ ಮನೆಯವರೂ ಪರದೆ ಮುಚ್ಚುವುದು ನಮ್ಮಲ್ಲಿ ರೂಢಿ. ಅವನ ಹೆಂಡತಿ ಹೋದ ದಿನ ಒಂದೂ ಮನೆಯ ಪರದೆ ಮುಚ್ಚಿರಲಿಲ್ಲ. ಅದು ಇಡೀ ಬೀದಿ ಕೂಡಿ ಮಾಡಿದ ತೀರ್ಮಾನ. ನಾನೊಬ್ಬನೇ ಮಾಡಿದ್ದಲ್ಲ.

ಜನವರಿ 6

ಹಿಲ್ಡಾಳೊಂದಿಗೆ ಮಾತಿಲ್ಲ. ಊಟದ ಹೊತ್ತಿಗೆ ತಟ್ಟೆ ಇಟ್ಟು, 'ನನ್ನ ಹತ್ರ ಆಗಲ್ಲ ಅಂದ್ರೆ ನಾಯಿ ಹತ್ರ ಹೇಳಿಬಿಡು, ಉಪ್ಪು ಬೇಕಾ ಅಂತ' ಅಂದಳು. ದಿಬ್ಬದ ಸಂಗತಿ ಇವಳಿಗೆ ಯಾರು ಹೇಳಿದರು?

ಉಪ್ಪು ಕಡಿಮೆಯೇ ಇತ್ತು.

ಜನವರಿ 9

ಜಾಸ್‌ನ ಅಳಿಯ ಬಾಗಿಲಿಗೆ ಬಂದಿದ್ದ. ಭಾನುವಾರ ಬೆಳಿಗ್ಗೆ ಬಿಡುವಿದೆಯಂತೆ. ಟ್ಯಾನ್ಸಿ ಅವನ ಬೂಟು ಮೂಸಿ, ಅವನ ಮುಖ ನೋಡಿದಳು. ಭಾನುವಾರ ಹೇಳುತ್ತೇನೆ ಎಂದು ಕಳಿಸಿದೆ.

ಬಾಯಿ ಬಿಟ್ಟ ನಾಯಿಯನ್ನು ತಿದ್ದಿದವರು ಈ ಜಿಲ್ಲೆಯಲ್ಲಿ ನನಗೆ ಗೊತ್ತಿರುವ ಹಾಗೆ ಒಬ್ಬನೇ. ಅರವತ್ತೊಂಬತ್ತರಲ್ಲಿ ಒಂದು, ಎಪ್ಪತ್ತೇಳರಲ್ಲಿ ಒಂದು. ನಾನೇ ಪಕ್ಕದಲ್ಲಿದ್ದು ನೋಡಿದ್ದೇನೆ.

ಜನವರಿ 11, ಭಾನುವಾರ

ಬೆಳಿಗ್ಗೆ ಏಳಕ್ಕೆ ಟ್ಯಾನ್ಸಿಯನ್ನು ಹಿಡಿದುಕೊಂಡು ಹೊರಟೆ. ಅವನ ಮನೆ ಕೆಳಬೀದಿಯ ತುದಿ. ಇಳಿಜಾರು, ಹಾಗಾಗಿ ಕಷ್ಟವಾಗಲಿಲ್ಲ. ಬಾಗಿಲ ಮೇಲೆ ಹಳೆಯ ಬಣ್ಣದಡಿ 'ದ್ರೋಹಿ' ಎಂಬ ಒಂದು ಪದದ ಅಕ್ಷರಗಳು ಇನ್ನೂ ಮಸುಕಾಗಿ ಕಾಣುತ್ತವೆ. ನಾವು ಬರೆದದ್ದು. ಬರೆದ ಕೈಗಳಲ್ಲಿ ನನ್ನದೂ ಒಂದು.

ಬಾಗಿಲು ತೆಗೆದ. ಒಳಗೆ ಬಾ ಎನ್ನಲಿಲ್ಲ, ಬಾಗಿಲು ಹಾಕಲೂ ಇಲ್ಲ. ನಾನು ನಾಯಿಯ ಕಡೆ ತಿರುಗಿ ಶುರುಮಾಡಿದೆ. ಅವನು ತಡೆದ.

'ನಾಯಿ ಹತ್ರ ಬೇಡ ಮಾರಾಯ. ಚಳಿ ಇದೆ. ನನ್ನ ಹತ್ರಾನೇ ಹೇಳು.'

ಹೇಳಿದೆ. ಏನು ಹೇಳಿದೆ ಎಂದು ಬರೆಯುವ ಅಗತ್ಯವಿಲ್ಲ. ತಪ್ಪು ನನ್ನದು ಎಂಬ ಮಾತು ಅದರಲ್ಲಿತ್ತು. ನಾಯಿಯ ವಿಷಯದಲ್ಲಿ ಮಾತ್ರ.

ಒಲೆಯ ಮುಂದೆ ಕೂರಿಸಿದ. ಟ್ಯಾನ್ಸಿ ಹುಟ್ಟಿದ ಮನೆಯೆಂದು ನೆನಪಾಗಿ ಎಲ್ಲ ಮೂಲೆ ಮೂಸಿ ಬಂದಳು. ಅವಳ ಬಾಯಿ, ಕಾಲು, ಬೆನ್ನು ಮುಟ್ಟಿ ನೋಡಿ, ಎರಡು ದಾರಿ ಇದೆ ಅಂದ. ಒಂದು, ನಾಳೆಯಿಂದಲೇ ತನ್ನ ಮುದಿ ನಾಯಿಯ ಜೊತೆ ಓಡಿಸುವುದು. ಅದು ಮೊಲವನ್ನು ತಿರುಗಿಸಿಕೊಡುತ್ತದೆ, ಇವಳು ಹಿಡಿಯುತ್ತಾಳೆ. ಜನವರಿ ಮುಗಿಯುವುದರೊಳಗೆ ಮೊಲ ಬಾಯಲ್ಲಿ ಹಿಡಿದುಕೊಂಡು ನನ್ನ ಕೈಗೆ ತಂದುಕೊಡುತ್ತಾಳೆ. ಆದರೆ ಬೊಗಳುವುದು ಸಾಯುವವರೆಗೂ ಹೋಗುವುದಿಲ್ಲ. ಈ ಸಂತತಿ ಇವಳೊಂದಿಗೆ ಮುಗಿದ ಹಾಗೆ, ಯಾಕೆಂದರೆ ಇವಳ ತಾಯಿ ಸತ್ತ ಮೇಲೆ ಅವನ ಬಳಿ ಈಗ ಉಳಿದಿರುವುದು ಎರಡೂ ಗಂಡು.

ಇನ್ನೊಂದು ದಾರಿ ಏನು ಎಂದೆ.

'ಮುಂದಿನ ಅಕ್ಟೋಬರ್‌ವರೆಗೆ ಏನೂ ಮಾಡ್ಬಾರದು. ದಿನಾ ಮೊಲದ ಮುಂದೆ ಕರ್ಕೊಂಡ್ಹೋಗಿ ಕೂರಿಸ್ಬೇಕು. ಓಡೋ ಹಾಗಿಲ್ಲ. ಮೊಲ ಅಂದ್ರೆ ಕುರಿ ಥರ ಒಂದು ಪ್ರಾಣಿ ಅನ್ನಿಸ್ಬೇಕು. ಮರೀಬೇಕು. ಆಮೇಲೆ ಹೊಸದಾಗಿ ಶುರು.'

ಸ್ವಲ್ಪ ಬೇಗ ಆಗುವುದಿಲ್ಲವೇ ಎಂದೆ.

'ಬೇಗ ಅಂತ ಹೋಗಿದ್ದಕ್ಕೇ ಹೀಗಾಗಿದೆ.'

ಅವನು ಒಲೆಗೆ ಕಲ್ಲಿದ್ದಲು ಹಾಕಿದ. ಆಮೇಲೆ ಅವನು ನನ್ನ ಎದೆಯ ಕಡೆ ಗದ್ದ ಆಡಿಸಿ ಕೇಳಿದ: 'ಎಷ್ಟು ದಿನ ಅಂದ್ರು?'

'ಏನೂ ಅನ್ಲಿಲ್ಲ. ಮುಂದಿನ ಸಲದ ಚೀಟಿ ಕೊಡಲಿಲ್ಲ.'

'ಹಾಗಾದ್ರೆ ಅಕ್ಟೋಬರ್ ನೀನು ನೋಡಲ್ಲ.'

'ನೋಡಲ್ಲ.'

'ಮೊದಲನೇ ದಾರೀಲಿ ಒಂದು ಮೊಲಾನಾದ್ರೂ ನೋಡ್ತೀಯ. ಯೋಚನೆ ಮಾಡು, ವಿಲ್ಫ್. ಯಾರೂ ನಿನ್ನ ತಪ್ಪು ಅನ್ನಲ್ಲ.'

ಟ್ಯಾನ್ಸಿ ಒಲೆಯ ಮುಂದೆ ಅಡ್ಡಾಗಿ ನಿದ್ದೆಯಲ್ಲಿ ಕಾಲು ಒದರುತ್ತಿದ್ದಳು. ಯಾವುದೋ ಮೊಲದ ಹಿಂದೆ. ಬಾಯಿ ಮುಚ್ಚಿಯೇ ಇತ್ತು.

ಟ್ಯಾನ್ಸಿಯನ್ನು ಅಲ್ಲೇ ಬಿಟ್ಟು, ಹಗ್ಗವನ್ನು ಕುರ್ಚಿಯ ಮೇಲೆ ಇಟ್ಟು ಬಂದೆ. ಬಾಗಿಲಲ್ಲಿ ಅವನು, 'ನಾನು ಆವತ್ತಿಗೆ ಕ್ಷಮೆ ಕೇಳಲ್ಲ' ಅಂದ. ನಾನೂ ಕೊಡಲು ಬಂದಿಲ್ಲ ಎಂದೆ. ಸರಿ ಅಂದ.

ವಾಪಸು ಬರುವಾಗ ಏರು. ಐದು ಸಲ ನಿಂತೆ. ಆ ಮನುಷ್ಯ, ಸಿರಿಲ್ ಪೀರ್ಟ್, ಮಾಡುವ ಚಹ ಈಗಲೂ ಹಿಂದಿನಂತೆಯೇ ಇದೆ, ಡಾಂಬರು.

ಜನವರಿ 17

ಕ್ಲಬ್ಬಿಗೆ ಹೋದೆ. ನಾನು ಕೂತ ಬೆಂಚಿನಿಂದ ಇಬ್ಬರು ಎದ್ದು ಹೋದರು. ಜಾಸ್ ಡಾಮಿನೋ ಹಂಚುವಾಗ ನನ್ನ ಜಾಗ ಬಿಟ್ಟು ಹಂಚಿದ. ಕಲ್ಲು ಕಡಿಮೆ ಬಿತ್ತೇ ಎಂದು ಕೇಳಿದೆ. ಅವನು ಪಕ್ಕದವನ ಜೊತೆ ಫುಟ್ಬಾಲ್ ಮಾತಾಡಿದ. ಎಲ್ಲರೂ ಬೆನ್ನು ತಿರುಗಿಸಿದ್ದರು.

ಒಂದೇ ಒಂದು ಬಾಗಿಲು ತಟ್ಟಿದ್ದಕ್ಕೆ! ಮೂವತ್ತು ವರ್ಷದ ಗೆಳೆತನವನ್ನು ಹೀಗೆ ಒಂದು ದಿನದಲ್ಲಿ ಕಡಿಯುವವರು ಎಂಥ ಜನ? ಕಾರಣ ಏನು ಎಂದು ಒಬ್ಬನೂ ಕೇಳಲಿಲ್ಲ. ಮನುಷ್ಯನೊಬ್ಬ ಯಾಕೆ ಹಾಗೆ ಮಾಡಿದ ಎಂದು ಕೇಳುವ ಸೌಜನ್ಯ ಕೂಡ ಇಲ್ಲದ ಊರು ಇದು. ಗ್ರಂಥಾಲಯ ಮುಚ್ಚಿದ್ದರಲ್ಲಿ ಆಶ್ಚರ್ಯವಿಲ್ಲ.

ಹಿಲ್ಡಾಳಿಗೆ ಇದೆಲ್ಲ ಓದಿ ಹೇಳಿದೆ. ಅವಳು ನನ್ನನ್ನು ಬಹಳ ಹೊತ್ತು ನೋಡಿ, ಚಹಕ್ಕೆ ಕೆಟಲ್ ಇಟ್ಟಳು.

ಫೆಬ್ರವರಿ 1

ಸಿರಿಲ್ ಟ್ಯಾನ್ಸಿಯನ್ನು ದಿನಾ ಮಧ್ಯಾಹ್ನ ದಿಬ್ಬದ ಬುಡಕ್ಕೆ ಕರೆದೊಯ್ದು ಮೊಲದ ಮುಂದೆ ಕೂರಿಸುತ್ತಾನೆ. ನಾನೂ ಅಲ್ಲಿಯವರೆಗೆ ಹೋಗಿಬರುತ್ತೇನೆ. ಮೊದಲ ವಾರ ಮೊಲ ಕಂಡರೆ ಹಗ್ಗ ಕಡಿಯುವಂತೆ ಎಳೆದು ಕಿರುಚಿದಳಂತೆ. ಸಿರಿಲ್ ಬೈಯಲಿಲ್ಲ, ಹೊಡೆಯಲಿಲ್ಲ. ಪೈಪು ಹಚ್ಚಿಕೊಂಡು ಅವಳಿಗೆ ಬೇಸರ ಬರುವವರೆಗೆ ಕೂತನಂತೆ. ಅವನ ತಾಳ್ಮೆ ನನಗೆ ಯಾವತ್ತೂ ಇರಲಿಲ್ಲ. ಅದನ್ನು ಅವನಿಗೆ ಹೇಳಿದೆ. ಗೊತ್ತಿದೆ ಅಂದ.

ಫೆಬ್ರವರಿ 15

ಸಿರಿಲ್ ತೋಟದ ಒಂಟಿಚಕ್ರದ ಗಾಡಿ ತಂದಿದ್ದ. ಗೊಬ್ಬರ ಸಾಗಿಸಲು ಎಂದುಕೊಂಡೆ. ಕೂರು ಅಂದ. ಬೈದೆ. ಹಾಗಾದರೆ ನಡಿ ಅಂದ. ಕೂತೆ.

ಊರವರು ಕಿಟಕಿಗಳಿಂದ ನೋಡಿದರು. ಇಬ್ಬರು ಬಹಿಷ್ಕೃತರು, ಒಂದು ಗಾಡಿ, ಮೂರು ನಾಯಿ. ಹಿಂದೆ ಭವನದ ಮುಂದೆ ಬ್ಯಾಂಡು ಬಾರಿಸಿಕೊಂಡು ಮೆರವಣಿಗೆ ಹೋಗುತ್ತಿದ್ದೆವು. ಇದೂ ಅಂಥದೇ, ವಾದ್ಯ ಮಾತ್ರ ಇಲ್ಲ ಅಂದೆ. ಅವನ ಚಕ್ರ ಕಿರುಗುಟ್ಟುತ್ತಿತ್ತು. ಅದಿದೆಯಲ್ಲ ಅಂದ.

ಫೆಬ್ರವರಿ 26

ಪೆನ್ಸಿಲ್ ಸರಿಯಿಲ್ಲ. ಸಾಲು ಓರೆ ಹೋಗುತ್ತದೆ.

ಮಾರ್ಚ್ 4

ಹಿಲ್ಡಾ ಹಾಸಿಗೆಯನ್ನು ಕೆಳಗಿನ ಕೋಣೆಗೆ ತಂದಳು. ಮಹಡಿ ಮೆಟ್ಟಿಲು ಎತ್ತರಿಸಿದವರು ಯಾರು ಎಂದು ಕೇಳಿದೆ. ಕೌನ್ಸಿಲ್‌ನವರು ಅಂದಳು. ಇಬ್ಬರೂ ನಕ್ಕೆವು.

ಮಾರ್ಚ್ 8

ಬಿಸಿಲಿತ್ತು. ಸಿರಿಲ್ ಗಾಡಿ ನೂಕಿಕೊಂಡು ದಿಬ್ಬದ ಬುಡಕ್ಕೆ ಕರೆದೊಯ್ದ. ಟ್ಯಾನ್ಸಿಯನ್ನು ನನ್ನ ಕಾಲ ಬಳಿ ಕೂರಿಸಿದ. ಹಗ್ಗ ಬಿಚ್ಚಿದ. ಬೇಡ ಅಂದೆ. ಇರಲಿ ಅಂದ.

ಹತ್ತು ಮಾರು ದೂರದಲ್ಲಿ ಬಿಲದಿಂದ ಒಂದು ಮೊಲ ಹೊರಬಂದು ಕಿವಿ ತೊಳೆದುಕೊಂಡಿತು. ಆಮೇಲೆ ಇನ್ನೊಂದು ಬಂತು. ಟ್ಯಾನ್ಸಿಯ ಭುಜ ಒಮ್ಮೆ ಕಂಪಿಸಿತು. ನನ್ನ ಮುಖ ನೋಡಿದಳು.

ನಾನು 'ಹೋಗು' ಅನ್ನಲಿಲ್ಲ.

ಅವಳು ನಿಟ್ಟುಸಿರು ಬಿಟ್ಟು ಗದ್ದವನ್ನು ನನ್ನ ಬೂಟಿನ ಮೇಲೆ ಇಟ್ಟಳು. ಮೊಲಗಳು ಸಾಕಾಗುವಷ್ಟು ಹೊತ್ತು ಮೇಯ್ದವು. ನಾವು ಮೂವರೂ ನೋಡಿದೆವು.